ನಲವತ್ತೊಂದು ತಪ್ಪುಗಳ ಕಾರು

ಜಪಾನಿನ ಕಾನಾಜಾವಾದ ಕಾರು ವ್ಯಾಪಾರಿ ಜಾಹೀರಾತಿನ ಕರಡನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟರು. ಅಚ್ಚುಕಟ್ಟಾಗಿ ಬರೆದಿದ್ದರು. ಅರವತ್ತರ ದಶಕದ ಕೊನೆಯ ಅಮೆರಿಕನ್ ಕಾರು, ಎರಡು ಬಾಗಿಲು, ಎಂಟು ಸಿಲಿಂಡರಿನ ದೊಡ್ಡ ಇಂಜಿನ್, ಎಡಗಡೆ ಸ್ಟೀರಿಂಗ್, ಹೊರಗೆ ಬದನೆಕಾಯಿ ಬಣ್ಣ, ಒಳಗೆ ಕೆನೆ ಬಣ್ಣದ ಹೊದಿಕೆ. ಇಷ್ಟೂ ಸರಿಯಾಗಿತ್ತು. ಕೊನೆಯ ಸಾಲು ಹೀಗಿತ್ತು: ‘ನಲವತ್ತು ವರ್ಷಗಳ ಅನುಭವವಿರುವ ಕುಶಲಕರ್ಮಿಯ ಕೈಯಲ್ಲಿ ಮರುಜೀವ ಪಡೆದದ್ದು.’

“ಈ ಸಾಲು ತಪ್ಪಾಗಿದೆ,” ಎಂದೆ.

“ಸುಮಿಮಾಸೆನ್, ಕ್ಷಮಿಸಿ. ನಲವತ್ತೈದು ವರ್ಷವೇ?” ಅವರು ಪೆನ್ನು ತೆಗೆದರು.

“ವರ್ಷ ಅಲ್ಲ. ಕೈ. ಅದು ನನ್ನ ಕೈ.”

ಅವರು ನನ್ನನ್ನು ನೋಡಿದರು. ಆಮೇಲೆ ನನ್ನ ಪಕ್ಕದ ಕುರ್ಚಿಯಲ್ಲಿದ್ದ ಗ್ಯಾರೇಜಿನ ಯಜಮಾನರನ್ನು ನೋಡಿದರು. ಯಜಮಾನರು ಪಕ್ಕದ ಕೊಂಬಿನಿ ಅಂಗಡಿಯಿಂದ ತಂದ ಕಾಫಿಯ ಮುಚ್ಚಳ ಬಿಡಿಸುತ್ತಿದ್ದರು. ಈ ಮಾತು ತಮಗೆ ಸಂಬಂಧಿಸಿದ್ದಲ್ಲ ಎನ್ನುವಂತೆ ಅದನ್ನು ಬಿಡಿಸುತ್ತಲೇ ಇದ್ದರು.

ಆ ಮಾರ್ಚ್ ತಿಂಗಳ ಕೊನೆಗೆ ನಾನು ಓದುತ್ತಿದ್ದ ನೋಮಿ ಊರು ಬಿಡುವವಳಿದ್ದೆ. ಪಿಎಚ್.ಡಿ. ಮುಗಿದಿತ್ತು, ಏಪ್ರಿಲಿನಿಂದ ದೂರದ ಕಾಶಿವಾದಲ್ಲಿ ಸಂಶೋಧನೆಯ ಕೆಲಸ. ಜಪಾನಿನಲ್ಲಿ ಕಾರು ಇಟ್ಟುಕೊಳ್ಳಬೇಕಾದರೆ ಅದನ್ನು ನಿಲ್ಲಿಸಲು ಜಾಗವಿದೆ ಎಂದು ಪೊಲೀಸರಿಂದ ಪತ್ರ ತರಬೇಕು. ಕಾಶಿವಾದಲ್ಲಿ ಗೊತ್ತು ಮಾಡಿದ್ದ ಮನೆಯ ಮುಂದಿನ ಜಾಗವನ್ನು ಏಜೆಂಟ್ ಅಳೆದು, ಕಾರಿನ ಉದ್ದ ಕೇಳಿ, ಒಂದೇ ಇಮೇಲಿನಲ್ಲಿ ಮೂರು ಸಲ ಕ್ಷಮೆ ಕೋರಿದ್ದರು. ಬಾನೆಟ್ಟಿನ ಅರ್ಧ ಬೀದಿಗೆ ಬರುತ್ತಿತ್ತು. ಇತ್ತ ಯಜಮಾನರೂ ಅದೇ ತಿಂಗಳು ಗ್ಯಾರೇಜ್ ಮುಚ್ಚುವವರಿದ್ದರು. ಹಾಗಾಗಿ ಕಾರು ಮಾರಲೇಬೇಕಿತ್ತು. ಅದಕ್ಕಾಗಿ ನಾನು ಅಳಲಿಲ್ಲ, ಯಾರ ಬಳಿಯೂ ಹೇಳಿಕೊಳ್ಳಲೂ ಇಲ್ಲ. ಆದರೆ ಇನ್ನೊಬ್ಬರ ಕೆಲಸ ಎಂದು ಹೇಳಿ ಅದನ್ನು ಮಾರಲು ನಾನು ತಯಾರಿರಲಿಲ್ಲ.

ಆ ಕಾರು ನನಗೆ ಸಿಕ್ಕಿದ್ದು ನನ್ನ ಇನ್ನೊಂದು ಕಾರಿನಿಂದಾಗಿ. ನೋಮಿಯಲ್ಲಿ ಬಸ್ಸಿಗೆ ಕಾದು ಬೇಸತ್ತು, ಇಲ್ಲಿ ಅತಿ ಸಣ್ಣ ಕಾರುಗಳಿಗೆ ಕೊಡುವ ಹಳದಿ ನಂಬರ್ ಪ್ಲೇಟಿನ ಒಂದು ಪುಟ್ಟ ಕಾರು ಕೊಂಡಿದ್ದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಸರ್ಕಾರಿ ತಪಾಸಣೆಗೆ ಅದನ್ನು ಸಿದ್ಧಪಡಿಸಲು ಊರಂಚಿನಲ್ಲಿದ್ದ ಯಜಮಾನರ ಗ್ಯಾರೇಜಿಗೆ ಹೋದಾಗ, ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲಿನ ಅಡಿಯಿಂದ ಉದ್ದನೆಯ ಮೂತಿಯೊಂದು ಇಣುಕುತ್ತಿತ್ತು. ಯಾರೋ ಗಿರಾಕಿ ರಿಪೇರಿಗೆ ಬಿಟ್ಟು, ಆಮೇಲೆ ಮನಸ್ಸು ಬದಲಾಯಿಸಿ, ಕಾಗದಪತ್ರಗಳನ್ನೂ ಯಜಮಾನರಿಗೇ ಕೊಟ್ಟು ಹೋಗಿದ್ದ ಗಾಡಿ. ಸಮುದ್ರ ಹತ್ತಿರದಲ್ಲೇ ಇತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ಅಲ್ಲಿ ರಸ್ತೆಯ ನಡುವಿನಿಂದಲೇ ನೀರು ಚಿಮ್ಮಿಸುತ್ತಾರೆ. ನೀರಿನಲ್ಲಿರುವ ಕಬ್ಬಿಣಕ್ಕೆ ರಸ್ತೆಗಳೇ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತವೆ. ಕಾರಿನ ತಳ ಹಪ್ಪಳದಂತಾಗಿತ್ತು. ನನ್ನ ಸಂಶೋಧನೆಯೂ ತುಕ್ಕಿನ ಮೇಲೆಯೇ, ಲೋಹದ ಮೇಲಿನ ತೆಳು ಲೇಪನಗಳು ಯಾವಾಗ, ಎಲ್ಲಿಂದ ಸೋಲಲು ಶುರುವಾಗುತ್ತವೆ ಎನ್ನುವುದರ ಮೇಲೆ. ಬಗ್ಗಿ ನೋಡುತ್ತಾ ಕಾಲು ಗಂಟೆ ನಿಂತುಬಿಟ್ಟೆ.

“ಮುಟ್ಟಬೇಡ. ಉದುರುತ್ತೆ,” ಎಂದು ಹಿಂದಿನಿಂದ ಧ್ವನಿ ಬಂತು.

“ಇದನ್ನ ಸರಿ ಮಾಡ್ತೀರಾ?”

“ಈ ಭುಜ ಇಟ್ಕೊಂಡಾ?” ಯಜಮಾನರು ಬಲಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ತೋರಿಸಿದರು. ಆಪರೇಷನ್ ಆದ ಮೇಲೆ ಅದು ಅದಕ್ಕಿಂತ ಮೇಲೆ ಏಳುತ್ತಿರಲಿಲ್ಲ. “ನಿನ್ನ ಭುಜ ಚೆನ್ನಾಗಿದೆಯಾ?”

“ಚೆನ್ನಾಗಿದೆ.”

“ಹಾಗಾದ್ರೆ ಗುಜರಿ ಬೆಲೆಗೆ ತಗೊಂಡ್ಹೋಗು. ಹೋಗು ಅಂದ್ರೆ ಎಲ್ಲಿಗೆ ಹೋಗ್ತೀಯ, ಇಲ್ಲೇ ಇರಲಿ. ಬಾಯಿ ನಂದು, ಕೈ ನಿಂದು.”

ಅಲ್ಲಿಂದ ನಾಲ್ಕು ವರ್ಷದ ಶನಿವಾರಗಳು. ಅವರು ತಲೆಕೆಳಗಾಗಿಸಿದ ಪೆಟ್ಟಿಗೆಯ ಮೇಲೆ ಕೂತು ಹೇಳುತ್ತಿದ್ದರು. ನಾನು ಕಾರಿನ ಅಡಿಯಲ್ಲಿ ಮಲಗಿ ಮಾಡುತ್ತಿದ್ದೆ. ಹೇಳುವುದೂ ಹೆಚ್ಚೇನಿರುತ್ತಿರಲಿಲ್ಲ. “ಅದಲ್ಲ.” “ಇನ್ನೊಂದು ಸಲ.” “ಹೂಂ.” ತಳದ ತಗಡು ಕತ್ತರಿಸಿ ಹೊಸದನ್ನು ಬೆಸೆದೆ. ಇಂಜಿನ್ ಇಳಿಸಿ, ಬಿಚ್ಚಿ, ತೊಳೆದು, ಜೋಡಿಸಿ, ಮತ್ತೆ ಏರಿಸಿದೆ. ಕಾರನ್ನು ಹುಟ್ಟಿದ ಹಾಗೇ ಉಳಿಸಬೇಕೆಂಬ ಆಸೆ ನನಗಿರಲಿಲ್ಲ. ಮುಂದಿನ ಚಕ್ರಗಳಿಗೆ ಈಗಿನ ಕಾಲದ ಬ್ರೇಕ್ ಹಾಕಿದೆ. ಇಲ್ಲಿಯ ಆಗಸ್ಟಿನ ಸೆಕೆಗೆ ತಾಳುವಂಥ ದೊಡ್ಡ ರೇಡಿಯೇಟರ್ ಕೂರಿಸಿದೆ. ಕಿಡಿ ಹೊತ್ತಿಸುವ ಹಳೆಯ ವ್ಯವಸ್ಥೆ ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದೆ. ಬದನೆಕಾಯಿ ಬಣ್ಣ ನಾನು ಆರಿಸಿದ್ದು. ಆ ಕಂಪನಿ ಆ ಬಣ್ಣದಲ್ಲಿ ಆ ಕಾರನ್ನು ಮಾಡಿಯೇ ಇರಲಿಲ್ಲ. ಸೀಟಿನ ಹೊದಿಕೆಯನ್ನು ನಾನೇ ಹೊಲಿದೆ, ಮೂರು ಸೂಜಿ ಮುರಿದು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಸಾಮಾನು ಎತ್ತಿಡುವ ಹೊತ್ತಿಗೆ ಯಜಮಾನರು ಒಂದೇ ಪ್ರಶ್ನೆ ಕೇಳುತ್ತಿದ್ದರು: “ಇವತ್ತು ಏನು ಕೆಡಿಸಿದೆ?”

ಮೊದಲ ಶನಿವಾರ ನಾನು, “ಏನೂ ಇಲ್ಲ,” ಎಂದಿದ್ದೆ.

“ಹಾಗಾದ್ರೆ ಏನೂ ಮಾಡಿಲ್ಲ. ಇಲ್ಲಾ, ಸುಳ್ಳು ಹೇಳ್ತಿದೀಯ.”

ಎರಡನೆಯದು ನಿಜವಾಗಿತ್ತು. ಅಮೆರಿಕದ ಬೋಲ್ಟುಗಳೆಲ್ಲ ಇಂಚಿನ ಅಳತೆಯವು. ಅರ್ಧ ಇಂಚಿನ ಬೋಲ್ಟಿಗೆ ಹದಿಮೂರು ಮಿಲಿಮೀಟರಿನ ಸ್ಪ್ಯಾನರ್ ಹೆಚ್ಚು ಕಡಿಮೆ ಕೂರುತ್ತದೆ. ಆ ಹೆಚ್ಚು ಕಡಿಮೆಯನ್ನು ನಂಬಿ ತಿರುಗಿಸಿ ಬೋಲ್ಟಿನ ತಲೆಯನ್ನು ದುಂಡಗೆ ಮಾಡಿಟ್ಟಿದ್ದೆ. ಅವರು ನೋಡಿದ್ದರು. ಒಂದು ನೋಟ್‌ಬುಕ್ ಕೊಟ್ಟು, ಕೆಡಿಸಿದ್ದನ್ನು ಮಾತ್ರ ಬರೆಯಬೇಕು ಎಂದರು. ಸರಿಯಾಗಿ ಮಾಡಿದ್ದು ಗಾಡಿಯಲ್ಲಿ ಇರುತ್ತದೆ, ಅದನ್ನು ಬರೆಯುವ ಅಗತ್ಯವಿಲ್ಲ. ಕೆಡಿಸಿ ಮುಚ್ಚಿದ್ದು ಎಲ್ಲಿದೆ ಎಂದು ಮುಂದೆ ರಿಪೇರಿ ಮಾಡುವವನಿಗೆ ಗೊತ್ತಾಗಬೇಕು ಎನ್ನುವುದು ಅವರ ಲೆಕ್ಕ. ಬರೆದದ್ದನ್ನು ಅವರಿಗೆ ಓದಿ ಹೇಳಬೇಕಿತ್ತು. ಯಾವ ಭಾಷೆಯಲ್ಲಾದರೂ ಬರಿ ಎಂದದ್ದರಿಂದ ನಾನು ಕನ್ನಡದಲ್ಲಿ ಬರೆದೆ. ನನ್ನ ತಪ್ಪುಗಳು ಬೇರೆ ಗಿರಾಕಿಗಳ ಕಣ್ಣಿಗೆ ಬೀಳುವುದು ನನಗೆ ಬೇಕಿರಲಿಲ್ಲ.

ಕೆಲವು ತಪ್ಪುಗಳನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಲೇಪನಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದವಳು ಜೂನ್ ತಿಂಗಳ ಜಿಟಿಜಿಟಿ ಮಳೆಯಲ್ಲಿ, ಗೋಡೆಯೇ ಬೆವರುವ ವಾರದಲ್ಲಿ, ಬಾಗಿಲಿಗೆ ಬಣ್ಣ ಹೊಡೆದೆ. ಅದು ಒಣಗಿದಾಗ ಅಂಚಿನಲ್ಲಿ ಹಾಲು ಚೆಲ್ಲಿದಂತೆ ಬಿಳಿಚಿಕೊಂಡಿತ್ತು. ಮೊದಲ ತಪಾಸಣೆಯಲ್ಲಿ ಕಾರು ಫೇಲಾಯಿತು. ಅಮೆರಿಕದಲ್ಲಿ ರಸ್ತೆಯ ಬಲಬದಿಯಲ್ಲಿ ಓಡಲು ಮಾಡಿದ ಹೆಡ್‌ಲೈಟುಗಳನ್ನು ಹಾಗೆಯೇ ಜೋಡಿಸಿ, ಎದುರು ಬರುವವರ ಕಣ್ಣಿಗೆ ಬೆಳಕು ಹೊಡೆಯುವ ಹಾಗೆ ಮಾಡಿದ್ದೆ.

ಇಪ್ಪತ್ತೊಂಬತ್ತನೆಯ ತಪ್ಪು ಬೇರೆ ಥರದ್ದು. ವಿಶ್ವವಿದ್ಯಾಲಯದಲ್ಲಿ ನನ್ನಂತೆಯೇ ಸಂಶೋಧನೆಗೆ ಬಂದಿದ್ದ ಮೈಸೂರಿನ ಒಬ್ಬರ ಹೆಂಡತಿ ನನಗೆ ಪರಿಚಯವಾಗಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಕಾರು ಮೊದಲ ಬಾರಿ ಸ್ಟಾರ್ಟ್ ಆದ ವರ್ಷ ಆಯುಧ ಪೂಜೆಗೆ ಎರಡು ದಿನ ಮುಂಚೆ ಅವರ ಫೋನ್ ಬಂತು.

“ಅಷ್ಟು ದೊಡ್ಡ ಗಾಡಿ ರೆಡಿ ಮಾಡಿದೀಯ, ಪೂಜೆ ಇಲ್ದೆ ರೋಡಿಗೆ ಇಳಿಸ್ತೀಯೇನೇ? ನಾನ್ ಬರ್ತೀನಿ. ನೀನ್ ಜಸ್ಟ್ ನಿಂತ್ಕೋ ಸಾಕು.”

ಬೂದುಗುಂಬಳ ಸಿಗಲಿಲ್ಲ. ಅಕ್ಕ ಸೂಪರ್‌ಮಾರ್ಕೆಟ್ಟಿನಿಂದ ಹಸಿರು ಸಿಪ್ಪೆಯ ಪುಟ್ಟ ಕುಂಬಳಕಾಯಿ ತಂದಿದ್ದರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದಾಯಿತು. ಕುಂಬಳಕಾಯಿ ಮಾತ್ರ ಕಲ್ಲಿನಂತಿತ್ತು. ನೆಲಕ್ಕೆ ಅಪ್ಪಳಿಸಿದರೆ ಪುಟಿದು ಉರುಳಿತು. ಯಜಮಾನರು ಅದನ್ನು ಕಾಲಿನಿಂದ ತಡೆದರು.

“ಬೇಯಿಸಿ ತಿನ್ನೋದನ್ನ ಯಾಕೆ ಹೊಡೀತಿದೀರಿ?”

“ದೃಷ್ಟಿ ಆಗ್ಬಾರ್ದು ಅಂತ ಹೇಳೇ ಅವರಿಗೆ,” ಎಂದರು ಅಕ್ಕ.

ನನಗೆ ತಿಳಿದ ಹಾಗೆ ವಿವರಿಸಿದೆ. ಯಾರಾದರೂ ಹೊಟ್ಟೆಕಿಚ್ಚಿನಿಂದ ನೋಡಿದರೆ ಗಾಡಿಗೆ ಕೆಡುಕಾಗುತ್ತದೆ ಎಂದೆ. ಯಜಮಾನರು ಕಾರನ್ನು ಮುಂದಿನಿಂದ ಹಿಂದಿನವರೆಗೆ ನೋಡಿ, “ಆ ಬಾಗಿಲಿನ ಅಂಚು ನೋಡಿದ್ರೆ ಯಾರಿಗೂ ಹೊಟ್ಟೆಕಿಚ್ಚು ಬರಲ್ಲ,” ಎಂದರು.

ನಾವು ಈ ಮಾತಿನಲ್ಲಿರುವಾಗ ಅಕ್ಕ ಬಟ್ಟಲಿನಲ್ಲಿ ಕಲಸಿದ್ದ ಅರಿಶಿನವನ್ನು ಬಾನೆಟ್ಟಿಗೆ, ಸ್ಟೀರಿಂಗಿಗೆ, ಆಮೇಲೆ ಕೆನೆ ಬಣ್ಣದ ಹೊಸ ಡ್ಯಾಶ್‌ಬೋರ್ಡಿಗೆ ಹಚ್ಚಿ, ಮೇಲೆ ಕುಂಕುಮ ಇಟ್ಟಿದ್ದರು. ಬಾನೆಟ್ಟಿನದು ಒರೆಸಿದರೆ ಹೋಯಿತು. ಡ್ಯಾಶ್‌ಬೋರ್ಡ್ ಅರಿಶಿನವನ್ನು ಕುಡಿದುಬಿಟ್ಟಿತು. ಸೋಮವಾರ ನಾನು ಅಸಿಟೋನ್ ತಂದು ಉಜ್ಜಿದೆ. ಅರಿಶಿನದ ಬಣ್ಣ ಯಾವುದರಲ್ಲಿ ಕರಗುತ್ತದೆ ಎಂದು ನನಗೆ ಗೊತ್ತಿತ್ತು. ಡ್ಯಾಶ್‌ಬೋರ್ಡ್ ಕೂಡ ಅದರಲ್ಲೇ ಕರಗುತ್ತದೆ ಎಂಬುದನ್ನು ಯೋಚಿಸಲಿಲ್ಲ. ಮೂರು ಬೆರಳಿನಗಲದ ಕಲೆ ಅಂಗೈಯಗಲವಾಯಿತು, ಹೊಳಪೂ ಹೋಯಿತು. ನೋಟ್‌ಬುಕ್ಕಿನಲ್ಲಿ ಹೀಗೆ ಬರೆದೆ: ‘ಕಲೆ ಅಕ್ಕನದು. ಅಸಿಟೋನ್ ನನ್ನದು.’

ಈಗ ವ್ಯಾಪಾರಿಯ ಕಚೇರಿಗೆ ಮರಳುತ್ತೇನೆ.

ಅವರು ಕೆಟ್ಟವರಲ್ಲ. ಸಮಾಧಾನದಿಂದ ವಿವರಿಸಿದರು. ಕಾರು ನನ್ನ ಹೆಸರಿನಲ್ಲೇ ಇರುತ್ತದೆ, ಅವರ ಅಂಗಳದಲ್ಲಿ ನಿಲ್ಲಿಸಿ ಮಾರಿಕೊಡುತ್ತಾರೆ. ಇಂಥ ಕಾರು ಕೊಳ್ಳುವವರು ಕಾರಿನ ಜೊತೆ ಒಂದು ಕಥೆಯನ್ನೂ ಕೊಳ್ಳುತ್ತಾರೆ. ಹಳೆಯ ಗ್ಯಾರೇಜು, ವಯಸ್ಸಾದ ಕುಶಲಕರ್ಮಿ, ಅವರ ಕೊನೆಯ ಕೆಲಸ: ಇದು ಒಂದು ವಾರದಲ್ಲಿ ಮಾರಾಟವಾಗುವ ಕಥೆ.

“ಭಾರತದಿಂದ ಬಂದ ವಿದ್ಯಾರ್ಥಿನಿ ಅಂದರೆ, ಸುಮಿಮಾಸೆನ್, ಜನ ಬ್ರೇಕ್ ಬಗ್ಗೆ ಯೋಚನೆ ಮಾಡ್ತಾರೆ.”

“ಯೋಚನೆ ಮಾಡಲಿ. ಬ್ರೇಕ್ ಹಿಡಿದು ನೋಡಲಿ.”

“ನಿಮ್ಮ ಕೆಲಸ ಅನ್ನೋದಕ್ಕೆ ಏನಾದರೂ ಇದೆಯಾ? ಫೋಟೋ?”

ಫೋಟೋ ನೂರಾರು ಇದ್ದವು, ಒಂದೊಂದು ಹಂತದ್ದೂ. ಒಂದರಲ್ಲೂ ನಾನಿರಲಿಲ್ಲ. ನನ್ನ ಫೋಟೋ ತೆಗೆಯುವುದು, ತೆಗೆಸಿಕೊಳ್ಳುವುದು ಎರಡೂ ನನಗೆ ಸೇರುವುದಿಲ್ಲ. ಕೆಲವದರಲ್ಲಿ ಕಿತ್ತಳೆ ಬಣ್ಣದ ಗ್ಲವ್ಸ್ ತೊಟ್ಟ ಎರಡು ಕೈಗಳಿದ್ದವು. ಅವರು ಅವನ್ನು ದೊಡ್ಡದು ಮಾಡಿ ನೋಡಿ, “ಇದು ಯಾರ ಕೈ ಬೇಕಾದರೂ ಆಗಬಹುದು,” ಎಂದರು. ಅದು ನಿಜ.

ಆಗ ಯಜಮಾನರು ಬಾಯಿಬಿಟ್ಟರು. “ನನ್ನ ಹೆಸರು ಹಾಕ್ಕೊಳ್ಳಿ. ಬೇಗ ಹೋಗುತ್ತೆ ಅಂದ್ರೆ ಹೋಗಲಿ. ಅಂಗಡಿ ಮುಚ್ತಿದೀನಿ, ನನ್ನ ಹೆಸರಿಗೆ ಇನ್ನೇನು ಕೆಲಸ?”

ನನಗಾಗಿಯೇ ಹೇಳಿದ್ದು, ಗೊತ್ತು. ಆದರೂ ನಾಲ್ಕು ವರ್ಷದಲ್ಲಿ ಅವರ ಮೇಲೆ ಮೊದಲ ಸಲ ಸಿಟ್ಟು ಬಂತು.

“ನಿಮ್ಮ ಹೆಸರು ನಿಮಗೆ ಬೇಡ. ನನ್ನದು ನನಗೆ ಬೇಕು,” ಎಂದೆ.

ಬೆಂಗಳೂರಿನಲ್ಲಿ, ಎಂ.ಎಸ್ಸಿ. ಮುಗಿಸಿದ ವರ್ಷ, ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಹತ್ತು ತಿಂಗಳು ನಾನು ಮಾಡಿದ ಪ್ರಯೋಗಗಳು ಪ್ರಬಂಧವಾಗಿ ಪ್ರಕಟವಾದಾಗ ನನ್ನ ಹೆಸರು ಕೊನೆಯ ‘ಸಹಾಯಕ್ಕಾಗಿ ಕೃತಜ್ಞತೆಗಳು’ ಎಂಬ ಸಾಲಿನಲ್ಲಿತ್ತು. ಎಲ್ಲರೂ ಸಿಹಿ ಹಂಚಿದರು. ನಾನೂ ತಿಂದೆ. ಸುಮ್ಮನಿರುವುದು ನನ್ನ ಸ್ವಭಾವ. ಆವತ್ತು ಆ ಸ್ವಭಾವ ಬೇರೆಯವರಿಗೆ ಬಹಳ ಅನುಕೂಲವಾಯಿತು. ಅದೇ ಅನುಕೂಲವನ್ನು ಇನ್ನೊಮ್ಮೆ ಮಾಡಿಕೊಡುವ ಉದ್ದೇಶ ನನಗಿರಲಿಲ್ಲ.

ಮನೆಗೆ ಬಂದು ನೋಟ್‌ಬುಕ್ ತೆರೆದೆ. ನಲವತ್ತೊಂದು ತಪ್ಪುಗಳಿದ್ದವು. ಎಲ್ಲಿ, ಯಾವಾಗ, ಹೇಗೆ, ಆಮೇಲೆ ಏನು ಮಾಡಿ ಮುಚ್ಚಿದೆ ಎಲ್ಲವೂ ಇತ್ತು. ಕಾರ್ಪೆಟ್ಟಿನ ಕೆಳಗೆ ಬೆಸುಗೆ ಸುಟ್ಟು ತೂತಾದದ್ದು, ಆ ತೂತಿಗೆ ಹಾಕಿದ ನಾಣ್ಯದಗಲದ ತೇಪೆ, ಇಂಜಿನ್ನಿನ ಹಿಂಬದಿ ಯಾರಿಗೂ ಕಾಣದಲ್ಲಿ ನಾನು ಮುರಿದ ಬೋಲ್ಟು. ಕಾರನ್ನು ಮಾಡಿದವರಿಗಲ್ಲದೆ ಬೇರೆ ಯಾರಿಗೂ ತಿಳಿಯಲು ಸಾಧ್ಯವಿಲ್ಲದ ಸಂಗತಿಗಳು. ನನ್ನ ಬಳಿ ಇದ್ದ ಸಾಕ್ಷಿ ಅದೊಂದೇ, ಅದೂ ಇಡೀ ಇಶಿಕಾವಾ ಪ್ರಾಂತ್ಯದಲ್ಲಿ ಹತ್ತು ಜನರಿಗೂ ಓದಲು ಬಾರದ ಲಿಪಿಯಲ್ಲಿ.

ಮೂರು ದಿನ ಕೂತು ನಲವತ್ತೊಂದನ್ನೂ ಜಪಾನಿ ಭಾಷೆಗೆ ಇಳಿಸಿದೆ. ಮೃದು ಮಾಡಲಿಲ್ಲ. ‘ಗೊತ್ತಿರಲಿಲ್ಲ’ ಎಂದಿದ್ದಲ್ಲಿ ಗೊತ್ತಿರಲಿಲ್ಲ ಎಂದೇ ಬರೆದೆ. ಅರಿಶಿನವನ್ನೂ ಬಿಡಲಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸಿದೆ: ‘ಈ ಕಾರಿನ ಕೆಲಸವನ್ನು, ಈ ತಪ್ಪುಗಳ ಸಮೇತ, ಮಾಡಿದವಳು ನಾನು.’ ಕೆಳಗೆ ಸಹಿ.

ಅಕ್ಕನಿಗೆ ವಿಷಯ ಗೊತ್ತಾಗಿ ಫೋನ್ ಮಾಡಿದರು.

“ನಿಂಗೆ ತಲೆ ಕೆಟ್ಟಿದೆಯೇನೇ? ಸೆಕೆಂಡ್ ಹ್ಯಾಂಡ್ ಕುಕ್ಕರ್ ಮಾರೋವಾಗ್ಲೂ ಹ್ಯಾಂಡಲ್ ಲೂಸ್ ಇದೆ ಅಂತ ಯಾರೂ ಹೇಳಲ್ಲ. ಯಾರ ಹೆಸರಾದ್ರೇನು, ಕಾರ್ ಹೋದ್ರೆ ಸಾಕಲ್ವಾ?”

“ಸಾಕಾಗಲ್ಲ ಅಕ್ಕ.”

“ಮನೇಲಿ ಹೇಳಿದೀಯಾ? ನಿಮ್ಮಮ್ಮ ಅಲ್ಲಿ ಹುಡುಗನ ಕಡೆಯವ್ರಿಗೆ ಮಗಳು ಡಾಕ್ಟರೇಟು ಅಂತಿದಾರೆ, ನೀನಿಲ್ಲಿ ಮೆಕ್ಯಾನಿಕ್ ಅಂತ ಬೋರ್ಡ್ ಹಾಕ್ಸ್ಕೊಳೋಕೆ ಜಗಳ ಆಡ್ತಿದೀಯ.”

“ಎರಡೂ ಹೌದಲ್ವಾ.”

ಅಕ್ಕ ಮಾತು ಬದಲಿಸಿ, “ಅರಿಶಿನದ್ದೂ ಬರೆದಿದೀಯಾ?” ಎಂದರು.

“ಇಪ್ಪತ್ತೊಂಬತ್ತು. ಅಸಿಟೋನ್ ನಾನು ಹಾಕಿದ್ದು ಅಂತಾನೇ ಬರೆದಿದೀನಿ.”

“ಅಯ್ಯೋ, ನನ್ ಹೆಸರು ಹಾಕಿಲ್ಲ ತಾನೇ?”

“ಇಲ್ಲ ಅಕ್ಕ. ‘ಪರಿಚಿತರು’ ಅಂತಿದೆ.”

ವ್ಯಾಪಾರಿ ನನ್ನ ನಾಲ್ಕು ಹಾಳೆಗಳನ್ನು ನಿಂತುಕೊಂಡೇ ಓದಿದರು. “ಇದು ಜಾಹೀರಾತಲ್ಲ. ತಪ್ಪೊಪ್ಪಿಗೆ.”

“ಕೊಳ್ಳುವವರಿಗೆ ಬೇಕಾದ್ದು ಇದರಲ್ಲೇ ಇದೆ.”

“ಮಾರಾಟ ಆಗದಿದ್ದರೆ?”

“ಆಗದಿದ್ದರೆ ನನ್ನ ಕಾರು, ನಾನು ನೋಡಿಕೊಳ್ಳುತ್ತೇನೆ.” ಹೇಗೆ ನೋಡಿಕೊಳ್ಳುವುದು ಎಂದು ನನಗೆ ಗೊತ್ತಿರಲಿಲ್ಲ. ನಿಲ್ಲಿಸಲು ಜಾಗ ಇರಲಿಲ್ಲ, ಗ್ಯಾರೇಜ್ ಇರುವುದಿಲ್ಲ, ಕಾಶಿವಾಕ್ಕೆ ಟಿಕೆಟ್ ಆಗಿತ್ತು. ಅದನ್ನು ಅವರಿಗೆ ಹೇಳಲಿಲ್ಲ.

ಅವರು ಎರಡು ವಾರ ಕೊಟ್ಟರು. ಎರಡು ವಾರ ನನ್ನ ಪಟ್ಟಿಯೊಂದಿಗೆ ಕಾರು ನಿಲ್ಲುತ್ತದೆ. ಅಷ್ಟರಲ್ಲಿ ಹೋಗದಿದ್ದರೆ ಅವರ ಸಾಲು, ಇಲ್ಲವೇ ಕಾರನ್ನು ನಾನು ಒಯ್ಯಬೇಕು.

ಮೊದಲ ವಾರ ಬಂದವರು ಬಹಳ ಮಂದಿ. ಪಟ್ಟಿ ಓದಿ ನಕ್ಕವರು, ಅದರ ಫೋಟೋ ತೆಗೆದುಕೊಂಡವರು. ಚರ್ಮದ ಜಾಕೆಟ್ ತೊಟ್ಟ ಒಬ್ಬರು ನನ್ನನ್ನು ನೋಡಿ, “ಕಾರಿನ ಮಾಲೀಕರು ಒಳಗಿದ್ದಾರಾ?” ಎಂದು ಕೇಳಿದರು. ಇನ್ನೊಬ್ಬ ಯುವಕ ಪಟ್ಟಿಯನ್ನು ಮಡಚಿ ಕೈಯಲ್ಲಿ ಹಿಡಿದು, ನಗುನಗುತ್ತಲೇ, “ಹಾಗಾದರೆ ಹೇಳಿ ನೋಡೋಣ, ಈ ಇಂಜಿನ್ನಿನಲ್ಲಿ ಸಿಲಿಂಡರುಗಳು ಹೊತ್ತಿಕೊಳ್ಳುವ ಕ್ರಮ ಯಾವುದು?” ಎಂದ.

ನನಗೆ ಅದು ಮಗ್ಗಿಯಂತೆ ಬಾಯಿಗೆ ಬರುತ್ತಿತ್ತು. ವ್ಯಾಪಾರಿ ನನ್ನತ್ತ ಆಸೆಯಿಂದ ನೋಡಿದರು. ಪಕ್ಕದಲ್ಲೇ ಇನ್ನೊಂದು ಹಳೆಯ ಕಾರು ಮಾರಾಟಕ್ಕಿತ್ತು, ಅದರ ಮಾಲೀಕನೂ ಅಲ್ಲೇ ನಿಂತಿದ್ದ. ಅವನನ್ನು ಯಾರೂ ಏನೂ ಕೇಳಿರಲಿಲ್ಲ.

“ನನ್ನ ಪರೀಕ್ಷೆಗಳೆಲ್ಲ ಕಳೆದ ತಿಂಗಳೇ ಮುಗಿದವು. ಕಾರು ಇಲ್ಲಿದೆ, ಅದನ್ನು ಕೇಳಿ,” ಎಂದೆ.

ಯುವಕ ಹೊರಟುಹೋದ. ವ್ಯಾಪಾರಿ ಬೇಸರದಿಂದ, “ಹೇಳಬಹುದಿತ್ತು, ಎಂಟು ಅಂಕಿ ಅಷ್ಟೇ,” ಎಂದರು. ಹೇಳಬಹುದಿತ್ತು. ಹೇಳಿದ್ದರೆ ಒಂಬತ್ತನೆಯದಾಗಿ ಇನ್ನೊಂದು ಪ್ರಶ್ನೆ ಬರುತ್ತಿತ್ತು.

ಎರಡನೆಯ ವಾರ ಯಾರೂ ಬರಲಿಲ್ಲ. ಕೊನೆಯ ಶನಿವಾರ ಬೆಳಗ್ಗೆ ತೊಯಾಮಾ ಕಡೆಯಿಂದ ಒಬ್ಬರು ಬಂದರು. ಅರವತ್ತು ದಾಟಿದ, ಕುಳ್ಳಗಿನ ಮನುಷ್ಯ. ಮೀನುಗಾರಿಕೆಯ ದೋಣಿಗಳ ಇಂಜಿನ್ ರಿಪೇರಿ ಮಾಡಿ ನಿವೃತ್ತರಾದವರು ಎಂದು ವ್ಯಾಪಾರಿ ಪಿಸುಗುಟ್ಟಿದರು. ನನ್ನ ಪಟ್ಟಿಯನ್ನು ಮನೆಯಿಂದಲೇ ಮುದ್ರಿಸಿ ತಂದಿದ್ದರು. ಜೊತೆಗೆ ಒಂದು ಚಾಪೆ, ಟಾರ್ಚು, ಕೋಲಿನ ತುದಿಗೆ ಸಿಕ್ಕಿಸಿದ ದುಂಡು ಕನ್ನಡಿ, ಕಿವಿಯ ಮೇಲೆ ಪೆನ್ಸಿಲ್. ಯಜಮಾನರೂ ಅಂದು ಬಂದಿದ್ದರು. ಕಚೇರಿಯ ಬಾಗಿಲ ಬಳಿ ಕೂತಿದ್ದರು.

ಬಂದವರು ನಮಸ್ಕರಿಸಿ, ಚಾಪೆ ಹಾಸಿ, ಕಾರಿನಡಿಗೆ ಜಾರಿದರು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಧ್ವನಿ ಬಂತು.

“ಏಳನೆಯದು?”

“ಡ್ರೈವರ್ ಕಾಲಿನ ಕೆಳಗೆ. ಅಡ್ಡ ಪಟ್ಟಿಯಿಂದ ಒಂದು ಗೇಣು ಹಿಂದೆ,” ಎಂದೆ.

“ಹೂಂ.” ಪೆನ್ಸಿಲ್ ಗೀಚಿದ ಸದ್ದು. “ಹದಿಮೂರು?”

“ಅದು ನೇರವಾಗಿ ಕಾಣಲ್ಲ. ಕನ್ನಡಿ ಎಡಕ್ಕೆ ತಿರುಗಿಸಿ.”

ಹೀಗೆ ಎರಡು ಗಂಟೆ. ಅವರು ಅಂಕಿ ಹೇಳುವುದು, ನಾನು ಜಾಗ ಹೇಳುವುದು. ಇದನ್ನು ಯಾರು ಮಾಡಿದ್ದು ಎಂದು ಅವರು ಕೇಳಲೇ ಇಲ್ಲ. ಇಪ್ಪತ್ತೊಂಬತ್ತಕ್ಕೆ ಬಂದಾಗ ಡ್ಯಾಶ್‌ಬೋರ್ಡನ್ನು ಮೂಸಿ ನೋಡಿ, “ಕರ್ರಿ ಮಸಾಲೆ ಪುಡಿಯಾ?” ಎಂದರು. “ಅದರಲ್ಲಿರುವ ಹಳದಿ,” ಎಂದೆ. ಗುರುತು ಹಾಕಿಕೊಂಡರು. ನಲವತ್ತೊಂದೂ ಮುಗಿಯಿತು. ಅವರು ಹಾಳೆ ಮಡಚುತ್ತಾರೆ ಎಂದುಕೊಂಡರೆ, ಬಾನೆಟ್ಟಿನೊಳಗೆ ಬಗ್ಗಿ, ಇಂಜಿನ್ನಿಗೂ ಕೂರುವ ಭಾಗಕ್ಕೂ ನಡುವಿನ ತಗಡಿನ ಗೋಡೆಯ ಮೇಲೆ ಟಾರ್ಚು ಬಿಟ್ಟು ಹಾಗೇ ನಿಂತರು.

“ಇದು ಪಟ್ಟಿಯಲ್ಲಿಲ್ಲ.”

ನಾನು ಬಗ್ಗಿ ನೋಡಿದೆ. ಇಗ್ನಿಷನ್ನಿನ ತಂತಿಗಳು ಆ ಗೋಡೆಯ ಒಂದು ತೂತಿನ ಮೂಲಕ ಹಾದುಹೋಗುತ್ತವೆ. ತಗಡಿನ ಹರಿತವಾದ ಅಂಚು ತಂತಿಗೆ ತಾಗದ ಹಾಗೆ ತೂತಿಗೆ ಒಂದು ರಬ್ಬರ್ ಬಳೆ ಹಾಕಬೇಕು. ಬಳೆ ಇರಲಿಲ್ಲ. ಸುತ್ತಿದ್ದ ಟೇಪು ಸವೆದು, ಒಂದು ತಂತಿಯ ಮೈ ತಗಡಿಗೆ ತಾಗುತ್ತಿತ್ತು.

“ಅದು ಹಿಂದಿನ ಮಾಲೀಕರ ಕಾಲದ್ದಿರಬೇಕು,” ಎಂದು ವ್ಯಾಪಾರಿ ತಕ್ಷಣ ಹೇಳಿದರು. ಹೇಳುತ್ತಾ ನನ್ನ ಕಡೆ ನೋಡಿದರು. ಹೌದು ಎಂದರೆ ಮುಗಿಯುತ್ತಿತ್ತು. ಅಷ್ಟು ಹಳೆಯ ಕಾರಿನಲ್ಲಿ ಒಂದು ತೂತನ್ನು ಯಾರು ಕೊರೆದರೆಂದು ಯಾರೂ ಸಾಬೀತು ಮಾಡಲಾರರು.

ನನಗೆ ಆ ಜನವರಿ ನೆನಪಾಯಿತು. ಬೆರಳು ಮರಗಟ್ಟಿದ್ದವು. ತೂತು ಕೊರೆದಿದ್ದೆ, ಆ ಅಳತೆಯ ಬಳೆ ಇರಲಿಲ್ಲ, ತರಿಸಬೇಕಿತ್ತು. ಮುಂದಿನ ವಾರ ಹಾಕಿದರಾಯಿತು ಎಂದು ಟೇಪು ಸುತ್ತಿದ್ದೆ. ಆ ಶನಿವಾರ ಯಜಮಾನರು ಆಸ್ಪತ್ರೆಗೆ ಹೋಗಿದ್ದರು. ಸಂಜೆ ಕೇಳುವವರು ಇರಲಿಲ್ಲ, ನಾನು ಬರೆಯಲಿಲ್ಲ.

“ಅಲ್ಲ. ನಾನು ಕೊರೆದದ್ದು. ಬಳೆ ಹಾಕದೆ ಬಿಟ್ಟವಳೂ ನಾನೇ,” ಎಂದೆ.

ವ್ಯಾಪಾರಿ ಕಣ್ಣು ಮುಚ್ಚಿಕೊಂಡರು.

“ಬೆಂಕಿ ಹತ್ತುತ್ತಿತ್ತು,” ಎಂದರು ಬಂದವರು.

“ಹೌದು.”

“ದೋಣಿಯಲ್ಲಿ ಹೀಗೆ ಬಿಟ್ಟರೆ ಏನಾಗುತ್ತೆ ಗೊತ್ತಾ? ನಡುನೀರಿನಲ್ಲಿ ಇಳಿದು ನಿಲ್ಲೋಕೆ ರಸ್ತೆ ಇರಲ್ಲ.”

“ಗೊತ್ತು.”

“ಗೊತ್ತಿದ್ದೂ ಬಿಟ್ಟಿದ್ದೀರಿ. ನಲವತ್ತೊಂದು ಬರೆಯೋ ಪುರುಸೊತ್ತಿತ್ತು, ಇಷ್ಟು ಸಣ್ಣ ರಬ್ಬರ್ ಹಾಕೋ ಪುರುಸೊತ್ತಿರಲಿಲ್ಲ?”

ಹತ್ತು ನಿಮಿಷ ಬೈದರು. ಧ್ವನಿ ಏರಿಸಿ, ಟಾರ್ಚನ್ನು ಆ ತೂತಿನತ್ತ ಆಡಿಸುತ್ತಾ ಬೈದರು. ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈ ದೇಶದಲ್ಲಿ ಹೊರಗಿನವರನ್ನು ಯಾರೂ ಹೀಗೆ ಬೈಯುವುದಿಲ್ಲ. ನನ್ನ ಜಪಾನಿ ಭಾಷೆ ಚೆನ್ನಾಗಿದೆ ಎಂದು ಹೊಗಳುತ್ತಾರೆ, ಚಾಪ್‌ಸ್ಟಿಕ್ ಹಿಡಿದರೆ ಹೊಗಳುತ್ತಾರೆ. ಬಾಗಿಲ ಬಳಿ ನಲವತ್ತು ವರ್ಷ ಅನುಭವದ ಮನುಷ್ಯರೊಬ್ಬರು ಕೂತಿದ್ದರು. ಬಂದವರು ಒಮ್ಮೆಯೂ ಅವರ ಕಡೆ ತಿರುಗಲಿಲ್ಲ. ಬೈಗುಳ ಪೂರ್ತಿ ನನಗೇ ಬಂತು. ನಾನು ತಲೆ ತಗ್ಗಿಸದೆ ನಿಂತು ಕೇಳಿಸಿಕೊಂಡೆ. ನಾಚಿಕೆಯಾಗಿತ್ತು, ಮತ್ತು ಆ ನಾಚಿಕೆಯಲ್ಲಿ ಯಾರಿಗೂ ಪಾಲು ಕೊಡುವ ಮನಸ್ಸಿರಲಿಲ್ಲ.

ಬೈದು ಮುಗಿದ ಮೇಲೆ ಅವರು ಹಾಳೆಯನ್ನು ಬಾನೆಟ್ಟಿನ ಅಂಚಿನ ಮೇಲಿಟ್ಟು, ನಲವತ್ತೊಂದರ ಕೆಳಗೆ ನಲವತ್ತೆರಡು ಎಂದು ಬರೆದು, ತೂತಿನ ವಿವರ ತುಂಬಿ, ಪೆನ್ಸಿಲನ್ನು ನನ್ನ ಕೈಗೆ ಕೊಟ್ಟರು. ನಾನು ಪಕ್ಕದಲ್ಲಿ ಸಹಿ ಮಾಡಿದೆ.

“ಬಳೆ ಇದೆಯಾ?”

“ಗ್ಯಾರೇಜಿನಲ್ಲಿದೆ. ಸೋಮವಾರದೊಳಗೆ ಹಾಕಿರುತ್ತೇನೆ.”

“ತಂತಿಯನ್ನೂ ಬದಲಾಯಿಸಿ. ಅದು ಉಳಿಯಲ್ಲ.”

ಆಮೇಲೆ ವ್ಯಾಪಾರಿಯ ಕಡೆ ತಿರುಗಿ, ಕಾಗದಪತ್ರ ಎಲ್ಲಿ ಎಂದು ಕೇಳಿದರು. ಬೆಲೆಯ ಮಾತು ಎತ್ತಲೇ ಇಲ್ಲ. ಒಪ್ಪಂದದ ಜೊತೆ ಆ ಪಟ್ಟಿಯನ್ನೂ ಪಿನ್ ಮಾಡಬೇಕು ಎಂದು ಮಾತ್ರ ಹೇಳಿದರು. ವ್ಯಾಪಾರಿ ಅದನ್ನು ಕೊನೆಯಲ್ಲಿ ಇಡಲು ಹೋದರೆ, ಮೊದಲ ಹಾಳೆಯಾಗಿ ಇಡಿಸಿದರು. ಯಜಮಾನರು ನನ್ನ ಬಳಿ ಬಂದು, “ಆ ಶನಿವಾರ ನಾನು ಕೇಳಲಿಲ್ಲವಾ?” ಎಂದರು. “ನೀವಿರಲಿಲ್ಲ,” ಎಂದೆ. “ಇಲ್ಲದಿದ್ದಾಗಲೂ ಬರೀಬೇಕು,” ಎಂದು ಹೇಳಿ ವ್ಯಾನಿನ ಕಡೆ ನಡೆದರು. ಸೋಮವಾರ ನಾನು ತಂತಿ ಬದಲಾಯಿಸಿ, ಬಳೆ ಹಾಕಿ, ಅದರ ಫೋಟೋ ತೆಗೆದು ಕಳಿಸಿದೆ. ಮಂಗಳವಾರ ಕಾರು ಹೋಯಿತು.

ಜೂನ್ ತಿಂಗಳಲ್ಲಿ, ಕಾಶಿವಾದಲ್ಲಿ, ಮೀಟಿಂಗಿನ ನಡುವೆ ಫೋನ್ ನಡುಗಿತು. ತೊಯಾಮಾದ ನಂಬರು. ಹೊಸ ಕೆಲಸ, ಹೊಸ ಜನ. ಎದ್ದು ಹೋಗುವುದು ಸರಿಯಲ್ಲ ಎಂದು ಗೊತ್ತಿದ್ದೂ ಕಾರಿಡಾರಿಗೆ ಬಂದೆ.

“ನಿಮ್ಮ ಕಾರು ಸಿಗ್ನಲ್ಲಿನಲ್ಲಿ ನಿಂತುಬಿಡುತ್ತೆ,” ಎಂದರು, ನಮಸ್ಕಾರವನ್ನೂ ಹೇಳದೆ.

“ಅದು ಈಗ ನಿಮ್ಮ ಕಾರು.”

“ಓಡುವಾಗ ನನ್ನದು. ನಿಂತಾಗ ನಿಮ್ಮದು. ಕಾರ್ಬ್ಯುರೇಟರ್ ಕೂರಿಸಿದ್ದು ಯಾರು?”

“ನಾನು.”

“ಮತ್ತೆ?”

ನಾನು ಗೋಡೆಗೊರಗಿ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿ, ಜೇಬಿನಿಂದ ಪೆನ್ನು ತೆಗೆದೆ.

“ಇಂಜಿನ್ ಬಿಸಿಯಾದ ಮೇಲೆ ನಿಲ್ಲುತ್ತಾ, ತಣ್ಣಗಿದ್ದಾಗಲೂ ನಿಲ್ಲುತ್ತಾ? ಸರಿಯಾಗಿ ಹೇಳಿ.”